ನೀರೊಳಗಿನ ಅಲೆಗೆ ಚುಕ್ಕೆಗಳ ಸಾಕ್ಷಿ

1893ರಲ್ಲಿ ನಾರ್ವೆಯ ಅನ್ವೇಷಕ ನಾನ್ಸೆನ್ನರ ‘ಫ್ರಾಮ್’ ಹಡಗು ಸೈಬೀರಿಯಾದ ಉತ್ತರದ ಕಡಲಲ್ಲಿ ಇದ್ದಕ್ಕಿದ್ದಂತೆ ತೆವಳತೊಡಗಿತು. ಎಂಜಿನ್ ದುಡಿಯುತ್ತಿತ್ತು. ಹಾಗಾದರೆ ಹಡಗನ್ನು ಹಿಡಿದೆಳೆದದ್ದು ಯಾವುದು?

ಸ್ವೀಡನ್ನಿನ ಎಕ್‌ಮನ್ ತೊಟ್ಟಿಯಲ್ಲಿ ಉಪ್ಪುನೀರಿನ ಮೇಲೆ ಸಿಹಿನೀರು ನಿಲ್ಲಿಸಿ, ಪುಟ್ಟ ದೋಣಿ ಎಳೆದು ನೋಡಿ, 1904ರಲ್ಲಿ ಉತ್ತರ ಪ್ರಕಟಿಸಿದರು: ಎರಡು ಪದರಗಳ ನಡುವೆ ಏಳುವ ಅಲೆಗಳೇ ಹಡಗಿನ ಶಕ್ತಿಯನ್ನು ನುಂಗುತ್ತವೆ.

ಇಂಥ ಅಲೆಗಳನ್ನು ಅಳೆಯಲು ಉಪಕರಣ ಮುಳುಗಿಸಿದರೆ ನೀರೇ ಕದಡೀತು. ಬೆಳಕಿಗೆ ಆ ತೊಂದರೆಯಿಲ್ಲ. ಗಾಜಿನ ತೊಟ್ಟಿಯ ಹಿಂದೆ ಚುಕ್ಕೆಗಳ ಹಾಳೆ, ಮುಂದೆ ಕ್ಯಾಮೆರಾ. ಅಲೆ ಹಾದಾಗ ಬೆಳಕು ಬಾಗಿ ಚುಕ್ಕೆಗಳು ಸರಿದಂತೆ ಕಾಣುತ್ತವೆ. ಸರಿದ ದೂರದಿಂದ ಕಂಪ್ಯೂಟರ್ ಅಲೆಯ ಅಳತೆ ಕೊಡುತ್ತದೆ. ಇದೇ ‘ಸಿಂಥೆಟಿಕ್ ಶ್ಲೀರನ್’ ವಿಧಾನ.

ಮನೆಯಲ್ಲೇ ನೋಡಬೇಕೆ? ಚಪ್ಪಟೆ ಬದಿಯ ಗಾಜಿನ ಪಾತ್ರೆಯ ಹಿಂದೆ ಪತ್ರಿಕೆಯಿಟ್ಟು, ನೀರಿಗೆ ಸಕ್ಕರೆ ಹಾಕಿ. ಸಕ್ಕರೆ ಕರಗುವಾಗ ಅಕ್ಷರಗಳು ನಡುಗುತ್ತವೆ!