ಎರಡು ಕ್ಯಾಮೆರಾ, ಒಂದೇ ಧ್ವನಿ: ಪ್ರವಚನಗಳ ದೃಶ್ಯ ಸಂಕಲನದಲ್ಲಿ ವಿಧಾನ ಮತ್ತು ವಿವೇಕ

ಶ್ರಾವಣ ಮಾಸದ ಪ್ರವಚನ, ತಿಂಗಳ ಶಿವಾನುಭವ ಗೋಷ್ಠಿ, ಬಸವ ಜಯಂತಿಯ ಸಮಾರಂಭ, ಜಾತ್ರಾ ಮಹೋತ್ಸವದ ಧರ್ಮಸಭೆ ಮೊದಲಾದವುಗಳನ್ನು ಇಂದು ಊರೂರಿನ ಶರಣ ಬಳಗಗಳು ಕ್ಯಾಮೆರಾದಲ್ಲಿ ದಾಖಲಿಸುತ್ತಿವೆ. ಸಭೆಗೆ ಬರಲಾಗದ ವೃದ್ಧರು, ದುಡಿಮೆಗಾಗಿ ದೂರದ ಊರುಗಳಲ್ಲಿ ನೆಲೆಸಿರುವವರು, ಹೊರದೇಶದಲ್ಲಿರುವ ಬಂಧುಗಳು ಈ ದಾಖಲೆಗಳ ಮೂಲಕವೇ ಅನುಭಾವದ ಮಾತುಗಳನ್ನು ಕೇಳುತ್ತಾರೆ. ಕ್ಯಾಮೆರಾ ಹಿಡಿಯುವ, ರಾತ್ರಿಯಿಡೀ ಕುಳಿತು ಸಂಕಲನ ಮಾಡುವ ಯುವಕರ ಶ್ರಮವೂ ದಾಸೋಹವೇ ಆಗಿದೆ.

ಇಂತಹ ದಾಖಲೆಗಳಿಗೆ ಈಗ ಹೆಚ್ಚಾಗಿ ಎರಡು ಕ್ಯಾಮೆರಾಗಳನ್ನು ಬಳಸಲಾಗುತ್ತಿದೆ. ಒಂದು ವೇದಿಕೆಯನ್ನು ಇಡಿಯಾಗಿ ತೋರಿಸಿದರೆ ಇನ್ನೊಂದು ಪ್ರವಚನಕಾರರ ಮುಖವನ್ನು ಸಮೀಪದಿಂದ ತೋರಿಸುತ್ತದೆ. ಎರಡರ ದೃಶ್ಯಗಳನ್ನು ಒಂದೇ ಧ್ವನಿಯ ಮೇಲೆ ಜೋಡಿಸುವ ಬಗೆ ಯಾವುದು, ಆ ಜೋಡಣೆಯಲ್ಲಿ ಪಾಲಿಸಬೇಕಾದ ವಿವೇಕವೇನು ಎಂಬುದನ್ನು ಈ ಕಾಯಕದಲ್ಲಿ ತೊಡಗಿರುವವರಿಗಾಗಿ ಇಲ್ಲಿ ವಿವರಿಸುತ್ತೇವೆ. ದಾಖಲೆಗಳನ್ನು ನೋಡುವ ಭಕ್ತರಿಗೂ ಇದು ತಿಳಿದಿರುವುದು ಒಳಿತು.

ಧ್ವನಿ ಏಕೆ ಒಂದೇ ಇರಬೇಕು?

ಪ್ರತಿಯೊಂದು ಕ್ಯಾಮೆರಾದಲ್ಲಿಯೂ ಮೈಕ್ ಇರುತ್ತದೆ. ಆದರೆ ವೇದಿಕೆಯ ಬಳಿಯ ಕ್ಯಾಮೆರಾ ಕೇಳುವುದೇ ಬೇರೆ, ಸಭಾಂಗಣದ ಹಿಂಬದಿಯ ಕ್ಯಾಮೆರಾ ಕೇಳುವುದೇ ಬೇರೆ. ಹಿಂದಿರುವುದಕ್ಕೆ ಫ್ಯಾನಿನ ಸದ್ದು, ಮಕ್ಕಳ ಮಾತು, ಗೋಡೆಗಳ ಪ್ರತಿಧ್ವನಿ ಎಲ್ಲವೂ ಸೇರಿ ಕೇಳಿಸುತ್ತದೆ. ದೃಶ್ಯ ಬದಲಾದಂತೆಲ್ಲ ಧ್ವನಿಯೂ ಬದಲಾದರೆ ಕೇಳುವವರ ಮನಸ್ಸು ಮಾತಿನಿಂದ ಕದಲುತ್ತದೆ. ದೃಶ್ಯದ ಬದಲಾವಣೆಯನ್ನು ಕಣ್ಣು ಸಹಜವಾಗಿ ಸ್ವೀಕರಿಸುತ್ತದೆ. ಧ್ವನಿಯ ಹಠಾತ್ ಬದಲಾವಣೆಯನ್ನು ಕಿವಿ ಸಹಿಸುವುದಿಲ್ಲ.

ಆದ್ದರಿಂದ ಪ್ರವಚನಕಾರರ ಮೈಕ್‌ನ ಧ್ವನಿಯನ್ನು ಮಿಕ್ಸರ್‌ನಿಂದ ನೇರವಾಗಿ ಒಂದು ರೆಕಾರ್ಡರ್‌ಗೆ ಪಡೆದು, ಅದನ್ನೇ ಇಡೀ ದಾಖಲೆಯ ಬೆನ್ನೆಲುಬಾಗಿ ಇಟ್ಟುಕೊಳ್ಳಬೇಕು. ಮಾತಿಗಿಂತ ವಚನಗಾಯನದ ಧ್ವನಿ ಎತ್ತರವಾಗಿರುವುದರಿಂದ, ಮಾತಿನ ಮಟ್ಟ ಮೈನಸ್ 12 ಡೆಸಿಬಲ್‌ನ ಆಸುಪಾಸಿನಲ್ಲಿರುವಂತೆ ಮೊದಲೇ ಹೊಂದಿಸಿದರೆ ಗಾಯನದ ವೇಳೆ ಧ್ವನಿ ಒಡೆಯುವುದಿಲ್ಲ. ಸಾಧ್ಯವಾದರೆ ಸಭಿಕರ ಕಡೆಗೆ ಇನ್ನೊಂದು ಮೈಕ್ ಇಟ್ಟು, ಸಾಮೂಹಿಕ ಪ್ರಾರ್ಥನೆಯ ದನಿಯನ್ನು ಸಣ್ಣ ಪ್ರಮಾಣದಲ್ಲಿ ಮೊದಲಿನಿಂದ ಕೊನೆಯವರೆಗೆ ಬೆರೆಸಬಹುದು. ಹಾಗೆ ಬೆರೆಸಿದ ಮೇಲೂ ಅಂತಿಮವಾಗಿ ಧ್ವನಿ ಒಂದೇ. ಕ್ಯಾಮೆರಾಗಳ ಮೈಕ್‌ಗಳನ್ನು ಮಾತ್ರ ಎಂದಿಗೂ ಮುಚ್ಚಬಾರದು. ಅವುಗಳಲ್ಲಿ ದಾಖಲಾದ ಧ್ವನಿ ಅಂತಿಮ ದಾಖಲೆಯಲ್ಲಿ ಕೇಳಿಸದಿದ್ದರೂ, ಜೋಡಿಸುವಾಗ ಗುರುತಾಗಿ ನೆರವಾಗುತ್ತದೆ.

ಚಿತ್ರೀಕರಣಕ್ಕೆ ಮುನ್ನ

ಎರಡೂ ಕ್ಯಾಮೆರಾಗಳನ್ನು ಸೆಕೆಂಡಿಗೆ 25 ಫ್ರೇಮ್‌ಗಳಿಗೆ ಹೊಂದಿಸಬೇಕು. ನಮ್ಮ ದೇಶದ ವಿದ್ಯುತ್ 50 ಹರ್ಟ್ಸ್‌ನದಾದ್ದರಿಂದ ಶಟರ್ ವೇಗ 1/50 ಸೆಕೆಂಡ್ ಇದ್ದರೆ ಕೊಳವೆ ದೀಪಗಳ ಬೆಳಕು ದೃಶ್ಯದಲ್ಲಿ ಮಿನುಗುವ ಸಂಭವ ಕಡಿಮೆ. ವೈಟ್ ಬ್ಯಾಲೆನ್ಸನ್ನು ಎರಡರಲ್ಲಿಯೂ ಒಂದೇ ಮಟ್ಟಕ್ಕೆ ನಿಲ್ಲಿಸಬೇಕು. ಇಲ್ಲವಾದರೆ ಶ್ರೀಗಳ ಕಾವಿ ವಸ್ತ್ರ ಒಂದರಲ್ಲಿ ಒಂದು ಬಣ್ಣವಾಗಿ, ಇನ್ನೊಂದರಲ್ಲಿ ಮತ್ತೊಂದು ಬಣ್ಣವಾಗಿ ಕಾಣುತ್ತದೆ. ಧ್ವನಿಯ ದಾಖಲಾತಿ ಎಲ್ಲ ಸಾಧನಗಳಲ್ಲಿಯೂ 48 ಕಿಲೋಹರ್ಟ್ಸ್ ಇರಲಿ. ಎರಡನೆಯ ಕ್ಯಾಮೆರಾ ಮೊಬೈಲ್ ಫೋನ್ ಆಗಿದ್ದರೆ ಅದರ ಫ್ರೇಮ್ ಗತಿ ಏರಿಳಿಯುವುದುಂಟು. ಅಂತಹ ಕಡತವನ್ನು ಸಂಕಲನಕ್ಕೆ ಮುನ್ನ ಸ್ಥಿರ ಗತಿಗೆ ಪರಿವರ್ತಿಸಿಕೊಳ್ಳುವುದು ಅವಶ್ಯ.

ಎರಡೂ ಕ್ಯಾಮೆರಾಗಳು ವೇದಿಕೆಯ ಒಂದೇ ಪಾರ್ಶ್ವದಲ್ಲಿರಬೇಕು. ಗೋಷ್ಠಿಯಲ್ಲಿ ಇಬ್ಬರು ಅನುಭಾವಿಗಳು ಎದುರುಬದುರಾಗಿ ಸಂವಾದ ನಡೆಸುವಾಗ ಇದು ಬಹಳ ಮುಖ್ಯ. ಅವರಿಬ್ಬರ ನಡುವೆ ಎಳೆದ ಕಾಲ್ಪನಿಕ ಗೆರೆಯ ಆಚೆಗೊಂದು ಈಚೆಗೊಂದು ಕ್ಯಾಮೆರಾ ನಿಂತರೆ, ದೃಶ್ಯ ಬದಲಾದಾಗ ಇಬ್ಬರೂ ಒಂದೇ ದಿಕ್ಕಿಗೆ ನೋಡುತ್ತಿರುವಂತೆ ಕಂಡು ಸಂವಾದದ ಭಾವವೇ ಕೆಡುತ್ತದೆ.

ಎಲ್ಲ ಸಾಧನಗಳು ಚಾಲನೆಗೊಂಡ ಬಳಿಕ, ಎರಡೂ ಕ್ಯಾಮೆರಾಗಳಿಗೆ ಕಾಣುವಂತೆ ಒಬ್ಬರು ವೇದಿಕೆಯ ಮೈಕ್‌ನ ಮುಂದೆ ಒಮ್ಮೆ ಗಟ್ಟಿಯಾಗಿ ಚಪ್ಪಾಳೆ ತಟ್ಟಬೇಕು. ಅಂಗೈಗಳು ಕೂಡುವ ಫ್ರೇಮ್ ಮತ್ತು ಸದ್ದು ಚಿಮ್ಮುವ ಕ್ಷಣ ಇವೆರಡೂ ಜೋಡಣೆಯ ಖಚಿತ ಗುರುತುಗಳು. ಕಾರ್ಯಕ್ರಮ ಮುಗಿದ ಮೇಲೆ, ಸಾಧನಗಳನ್ನು ನಿಲ್ಲಿಸುವ ಮುನ್ನ, ಇನ್ನೊಮ್ಮೆ ಚಪ್ಪಾಳೆ ತಟ್ಟಬೇಕು. ನಡುವೆ ಕ್ಯಾಮೆರಾವನ್ನು ನಿಲ್ಲಿಸಬಾರದು. ಪ್ರತಿ ನಿಲುಗಡೆಯೂ ಹೊಸ ಜೋಡಣೆಯನ್ನು ಬೇಡುತ್ತದೆ.

ಜೋಡಣೆಯ ಕ್ರಮ

ಇಂದಿನ ಸಂಕಲನ ತಂತ್ರಾಂಶಗಳು ಕ್ಯಾಮೆರಾದ ಧ್ವನಿಯನ್ನೂ ರೆಕಾರ್ಡರ್‌ನ ಧ್ವನಿಯನ್ನೂ ಹೋಲಿಸಿ ತಾವೇ ಜೋಡಿಸುತ್ತವೆ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಮತ್ತು ಮುಕ್ತ ತಂತ್ರಾಂಶವಾದ ಕೆಡೆನ್‌ಲೈವ್ ಎರಡರಲ್ಲಿಯೂ ಈ ಸೌಲಭ್ಯವಿದೆ. ಆದರೆ ಯಂತ್ರದ ಜೋಡಣೆಯನ್ನು ಪರೀಕ್ಷಿಸದೆ ಒಪ್ಪಬಾರದು. ಅದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು ಶಬ್ದದ ವೇಗ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುತ್ತದೆ. ಸೆಕೆಂಡಿಗೆ 25 ಫ್ರೇಮ್‌ಗಳಾದರೆ ಒಂದು ಫ್ರೇಮ್‌ನ ಅವಧಿ 40 ಮಿಲಿಸೆಕೆಂಡ್. ಅಷ್ಟರಲ್ಲಿ ಶಬ್ದ ಕ್ರಮಿಸುವುದು ಸುಮಾರು 14 ಮೀಟರ್ ಮಾತ್ರ. ಧ್ವನಿವರ್ಧಕದಿಂದ 40 ಮೀಟರ್ ದೂರದಲ್ಲಿರುವ ಕ್ಯಾಮೆರಾ ಶ್ರೀಗಳ ತುಟಿಯ ಚಲನೆಯನ್ನು ಆ ಕ್ಷಣದಲ್ಲಿಯೇ ಕಾಣುತ್ತದೆ. ಅದೇ ಮಾತನ್ನು ಸುಮಾರು ಮೂರು ಫ್ರೇಮ್‌ಗಳ ನಂತರ ಕೇಳುತ್ತದೆ. ತಂತ್ರಾಂಶ ಧ್ವನಿಗೆ ಧ್ವನಿಯನ್ನು ಹೊಂದಿಸಿದಾಗ ಆ ಕ್ಯಾಮೆರಾದ ಚಿತ್ರ ಮೂರು ಫ್ರೇಮ್ ಮುಂಚಿತವಾಗಿ ಬಂದು ಕೂರುತ್ತದೆ. ಅದನ್ನು ಅಷ್ಟೇ ಫ್ರೇಮ್ ಹಿಂದಕ್ಕೆ, ಅಂದರೆ ತಡವಾಗಿ ಬರುವಂತೆ, ಸರಿಸಬೇಕು.

ಸರಿಯಾಯಿತೇ ಎಂದು ಅರಿಯಲು ಕನ್ನಡದ ವರ್ಣಮಾಲೆಯೇ ನೆರವಾಗುತ್ತದೆ. ಪ, ಬ, ಮ ಇವು ಓಷ್ಠ್ಯಾಕ್ಷರಗಳು. ತುಟಿಗಳು ಕೂಡದೆ ಇವುಗಳ ಉಚ್ಚಾರ ಸಾಧ್ಯವಿಲ್ಲ. ಪ್ರವಚನದಲ್ಲಿ 'ಬಸವಣ್ಣ', 'ಪ್ರಭುದೇವ', 'ಮಹಾದೇವಿ' ಎಂಬ ಹೆಸರುಗಳು ಬರುವ ಸ್ಥಳಗಳನ್ನು ಆರಿಸಿ, ಮೊದಲ ಅಕ್ಷರದಲ್ಲಿ ತುಟಿಗಳು ಕೂಡಿ ತೆರೆಯುವ ಫ್ರೇಮ್‌ಗೆ ಧ್ವನಿ ತಾಳೆಯಾಗುತ್ತಿದೆಯೇ ಎಂದು ನೋಡಬೇಕು. ಧ್ವನಿ ಚಿತ್ರಕ್ಕಿಂತ ತುಸು ತಡವಾದರೆ ಮನಸ್ಸು ಅದನ್ನು ಕ್ಷಮಿಸುತ್ತದೆ. ಮಿಂಚು ಕಂಡ ಮೇಲೆ ಗುಡುಗು ಕೇಳುವುದು ಪ್ರಕೃತಿಯ ಕ್ರಮ. ಧ್ವನಿಯೇ ಮುಂಚಿತವಾಗಿ ಬಂದರೆ ಅದು ಬೇಗನೆ ಅಸಹಜವೆನಿಸುತ್ತದೆ.

ಎರಡನೆಯದು ಗಡಿಯಾರಗಳ ವ್ಯತ್ಯಾಸ. ಪ್ರತಿ ಕ್ಯಾಮೆರಾ, ಪ್ರತಿ ರೆಕಾರ್ಡರ್ ತನ್ನದೇ ಆದ ಸ್ಫಟಿಕ ಗಡಿಯಾರದ ಲೆಕ್ಕದಲ್ಲಿ ನಡೆಯುತ್ತದೆ. ಎರಡರ ನಡುವೆ ಹತ್ತು ಲಕ್ಷಕ್ಕೆ 30 ಭಾಗದಷ್ಟು ಅಂತರವಿದ್ದರೂ ಒಂದು ಗಂಟೆಯ ಕೊನೆಗೆ ಸುಮಾರು ಎರಡೂವರೆ ಫ್ರೇಮ್‌ಗಳ ವ್ಯತ್ಯಾಸವಾಗುತ್ತದೆ. ಆರಂಭದಲ್ಲಿ ಕರಾರುವಾಕ್ಕಾಗಿದ್ದ ಜೋಡಣೆ ಮಂಗಳದ ಹೊತ್ತಿಗೆ ತಪ್ಪಿರುತ್ತದೆ. ಕೊನೆಯ ಚಪ್ಪಾಳೆಯ ಪ್ರಯೋಜನ ಇಲ್ಲಿಯೇ ಕಾಣುವುದು. ಅಂತರ ಎಷ್ಟೆಂಬುದನ್ನು ಅದು ನಿಖರವಾಗಿ ತೋರಿಸುತ್ತದೆ. ಆಗ ಧ್ವನಿಯನ್ನು ಹಿಗ್ಗಿಸುವುದಾಗಲಿ ಕುಗ್ಗಿಸುವುದಾಗಲಿ ಬೇಡ. ಒಂದು ಕ್ಯಾಮೆರಾದಿಂದ ಇನ್ನೊಂದಕ್ಕೆ ಹೋಗುವ ಪ್ರತಿ ಸ್ಥಳದಲ್ಲಿಯೂ ಹೊಸದಾಗಿ ಬರುವ ಚಿತ್ರವನ್ನು ಒಂದೋ ಎರಡೋ ಫ್ರೇಮ್ ಸರಿಸಿದರೆ ಸಾಕು, ನೋಡುವವರಿಗೆ ತಿಳಿಯುವುದೇ ಇಲ್ಲ. ಧ್ವನಿ ಸ್ಥಾವರವಾಗಿ ನಿಲ್ಲಬೇಕು, ಚಿತ್ರ ಜಂಗಮವಾಗಿ ಚಲಿಸಬೇಕು.

ದೃಶ್ಯ ಬದಲಿಸಬೇಕಾದ ಸ್ಥಳ

ವಾಕ್ಯ ಮುಗಿದು ಪ್ರವಚನಕಾರರು ಉಸಿರು ತೆಗೆದುಕೊಳ್ಳುವ ಹೊತ್ತು, ಅವರು ಸಭಿಕರ ಕಡೆಗೆ ಮುಖ ತಿರುಗಿಸುವ ಹೊತ್ತು, ಒಂದು ವಿಷಯದಿಂದ ಇನ್ನೊಂದಕ್ಕೆ ಸಾಗುವ ಹೊತ್ತು ದೃಶ್ಯ ಬದಲಾವಣೆಗೆ ಸೂಕ್ತ. ವಚನವೊಂದನ್ನು ಹೇಳುತ್ತಿರುವಾಗ ಅದರ ಅಂಕಿತ ಬರುವವರೆಗೆ ಕಾಯುವುದು ಉತ್ತಮ. ಕೂಡಲಸಂಗಮದೇವ, ಚೆನ್ನಮಲ್ಲಿಕಾರ್ಜುನ, ಗುಹೇಶ್ವರ ಎಂಬ ಅಂಕಿತಗಳಲ್ಲಿಯೇ ವಚನ ಪೂರ್ಣಗೊಳ್ಳುತ್ತದೆ, ಅದು ಯಾರ ಮಾತೆಂಬುದೂ ತಿಳಿಯುತ್ತದೆ. ಕೇಳುವವರ ಗಮನ ಅಂಕಿತದಲ್ಲಿ ನೆಲೆಗೊಳ್ಳುವ ಮುನ್ನ ಕಣ್ಣನ್ನು ಬೇರೆಡೆಗೆ ಸೆಳೆಯುವುದು ತರವಲ್ಲ. ಎರಡು ಕ್ಯಾಮೆರಾಗಳಿವೆ ಎಂಬ ಕಾರಣಕ್ಕೆ ನಿಮಿಷಕ್ಕೆ ಹತ್ತು ಬಾರಿ ದೃಶ್ಯ ಬದಲಿಸಬೇಕಾದ ಅಗತ್ಯವೂ ಇಲ್ಲ.

ವಿವೇಕದ ಮಾತು

ಇಲ್ಲಿಯವರೆಗೆ ಹೇಳಿದ್ದು ವಿಧಾನ. ಇದಕ್ಕಿಂತ ಗುರುತರವಾದುದು ಇನ್ನೊಂದಿದೆ. ಒಂದೇ ಕ್ಯಾಮೆರಾದ ದಾಖಲೆಯಲ್ಲಿ ಮಾತನ್ನು ಕತ್ತರಿಸಿದರೆ ಚಿತ್ರ ಜಿಗಿಯುತ್ತದೆ. ಏನೋ ಬಿಟ್ಟುಹೋಗಿದೆ ಎಂದು ನೋಡುವವರಿಗೆ ತಿಳಿಯುತ್ತದೆ. ಎರಡು ಕ್ಯಾಮೆರಾಗಳಿದ್ದಲ್ಲಿ ಕತ್ತರಿಸಿದ ಸ್ಥಳದಲ್ಲಿಯೇ ದೃಶ್ಯವನ್ನೂ ಬದಲಿಸಿದರೆ ಕತ್ತರಿಯ ಗುರುತು ಪೂರ್ತಿ ಮರೆಯಾಗುತ್ತದೆ. ಸೌಂದರ್ಯಕ್ಕಾಗಿ ತಂದ ಎರಡನೆಯ ಕ್ಯಾಮೆರಾ ಹೀಗೆ ಸತ್ಯವನ್ನು ಮರೆಮಾಚುವ ಸಾಧನವೂ ಆಗಬಲ್ಲದು.

ಇದರ ಅಪಾಯ ಪ್ರವಚನಗಳಲ್ಲಿ ವಿಶೇಷವಾಗಿದೆ. ನಮ್ಮ ಪ್ರವಚನಕಾರರು ಮೊದಲು ಪೂರ್ವಪಕ್ಷವನ್ನು ಹೇಳಿ, ಅನಂತರ ಅದನ್ನು ಖಂಡಿಸಿ ಸಿದ್ಧಾಂತವನ್ನು ಸ್ಥಾಪಿಸುವ ಕ್ರಮವನ್ನು ಅನುಸರಿಸುತ್ತಾರೆ. 'ಹುಟ್ಟಿನಿಂದಲೇ ಮೇಲುಕೀಳು ಎಂದು ಕೆಲವರು ಹೇಳುತ್ತಾರೆ' ಎಂದು ಆರಂಭಿಸಿ, ಹತ್ತು ನಿಮಿಷಗಳ ಬಳಿಕ ಆ ಮಾತನ್ನು ಸಂಪೂರ್ಣವಾಗಿ ನಿರಾಕರಿಸುವುದುಂಟು. ಆ ಹತ್ತು ನಿಮಿಷಗಳನ್ನು ಬಿಟ್ಟು, 'ಕೆಲವರು ಹೇಳುತ್ತಾರೆ' ಎಂಬ ಎರಡು ಪದಗಳನ್ನೂ ಕತ್ತರಿಸಿದರೆ, ಪ್ರವಚನಕಾರರು ತಾವು ಖಂಡಿಸಿದ್ದನ್ನೇ ಬೋಧಿಸಿದಂತಾಗುತ್ತದೆ. ಮೊಬೈಲ್‌ನಲ್ಲಿ ಹಂಚಿಕೆಯಾಗುವ ಅರ್ಧ ನಿಮಿಷದ ತುಣುಕಿನಿಂದ ಸಮಾಜದಲ್ಲಿ ಕಲಹವೇಳಲು ಇಷ್ಟೇ ಸಾಕು.

ಆದ್ದರಿಂದ ಈ ಕಾಯಕದಲ್ಲಿ ಕೆಲವು ನಿಯಮಗಳನ್ನು ವ್ರತದಂತೆ ಪಾಲಿಸಬೇಕೆಂದು ನಾವು ಆಶಿಸುತ್ತೇವೆ. ಪೂರ್ಣ ಪ್ರವಚನದ ಧ್ವನಿ ಮೊದಲಿನಿಂದ ಕೊನೆಯವರೆಗೆ ಅಖಂಡವಾಗಿರಲಿ; ಕೆಮ್ಮು, ತಡವರಿಕೆಗಳೂ ಇರಲಿ. ಸಮಯದ ಅಭಾವದಿಂದ ಒಂದು ಭಾಗವನ್ನು ಬಿಡಲೇಬೇಕಾದರೆ ದೃಶ್ಯವನ್ನು ಒಂದು ಕ್ಷಣ ಕಪ್ಪಾಗಿಸಿ, ಇಲ್ಲಿ ಒಂದು ಭಾಗವನ್ನು ಬಿಡಲಾಗಿದೆ ಎಂದು ಬರೆಹದಲ್ಲಿ ತೋರಿಸಲಿ. ಸಭಿಕರ ಮುಖಗಳನ್ನು ತೋರಿಸುವಾಗ ಅದೇ ಹೊತ್ತಿನ ಮುಖಗಳನ್ನೇ ತೋರಿಸಲಿ. ಬೇರೊಂದು ಪ್ರಸಂಗದ ನಗೆಯನ್ನೋ ಕಣ್ಣೀರನ್ನೋ ತಂದು ಸೇರಿಸುವುದು ಸಲ್ಲದು. ಕಿರುತುಣುಕು ಮಾಡುವಾಗ ವಿಚಾರವೊಂದು ಪೂರ್ಣವಾಗಿರಲಿ; ದಿನಾಂಕ, ಸ್ಥಳ ಮತ್ತು ಪೂರ್ಣ ಪ್ರವಚನ ದೊರೆಯುವ ವಿಳಾಸವನ್ನು ನಮೂದಿಸಲಿ. ಸಂಕಲನ ಮುಗಿದ ಮೇಲೂ ಎರಡು ಕ್ಯಾಮೆರಾಗಳ ಮತ್ತು ರೆಕಾರ್ಡರ್‌ನ ಮೂಲ ಕಡತಗಳನ್ನು ಕನಿಷ್ಠ ಎರಡು ಬೇರೆ ಬೇರೆ ಸ್ಥಳಗಳಲ್ಲಿ ಕಾಪಿಡಲಿ. ಮುಂದೆ ಸಂದೇಹ ಬಂದಾಗ ಪರಿಶೀಲಿಸಲು ಮೂಲವೇ ಆಧಾರ.

ಮೂಲದ ಮಹತ್ವವನ್ನು ನಮ್ಮ ಸಮಾಜಕ್ಕೆ ಹೊಸದಾಗಿ ಹೇಳಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ಶರಣರ ವಚನಗಳು ತಾಳೆಗರಿಗಳಲ್ಲಿ ಪ್ರತಿಯಿಂದ ಪ್ರತಿಗೆ ಸಾಗಿಬಂದವು. ವಚನ ಪಿತಾಮಹ ಫ.ಗು. ಹಳಕಟ್ಟಿಯವರು ಆ ಓಲೆಗಳನ್ನು ಅರಸಿ, ಸಂಗ್ರಹಿಸಿ 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿದರು. ಅಂದು ಓಲೆಗಳನ್ನು ಪ್ರತಿ ಮಾಡಿದವರು ಒಂದು ಸಾಲನ್ನು ಬಿಟ್ಟಿದ್ದರೆ, ಬೇರೆ ಪ್ರತಿ ದೊರೆಯದ ಹೊರತು ಆ ಸಾಲು ನಮಗೆ ಇಲ್ಲವಾಗುತ್ತಿತ್ತು. ಇಂದು ಟೈಮ್‌ಲೈನ್‌ನ ಮುಂದೆ ಕುಳಿತ ಯುವಕ ಯುವತಿಯರೂ ಅಂತಹ ಪ್ರತಿಕಾರರೇ. ಅವರ ಕೈಯಲ್ಲಿರುವುದು ಗುರುಗಳ ಮಾತು. ಅದನ್ನು ಚೆಂದವಾಗಿ ತೋರಿಸುವುದು ಅವರ ಕೌಶಲ, ಇದ್ದಂತೆಯೇ ತಲುಪಿಸುವುದು ಅವರ ಧರ್ಮ.