ಮನೆ ತೋರಿಸುವವರು ಯಾರ ಕಡೆಯವರು?

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಅಂತ ನಮ್ಮ ಹಿರಿಯರು ಹೇಳಿದ್ದಾರೆ. ಅವರು ಬೇ ಏರಿಯಾಕ್ಕೆ ಬಂದಿದ್ದರೆ ಮದುವೆಯ ಮಾತನ್ನು ಬಿಟ್ಟು 'ಮನೆ ಕೊಂಡು ನೋಡು' ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದರೇನೋ!

ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ಎರಡು ಕ್ಯಾಲೆಂಡರುಗಳಿದ್ದವು. ಎರಡರಲ್ಲೂ ಯುಗಾದಿಯೂ ಇತ್ತು, ಥ್ಯಾಂಕ್ಸ್‌ಗಿವಿಂಗೂ ಇತ್ತು. ಕೆಳಗೆ ಕೋಟು ತೊಟ್ಟು ನಗುತ್ತಿರುವ ಏಜೆಂಟರ ಫೋಟೋ. ಇಬ್ಬರೂ ಕನ್ನಡದವರೇ, ಇಬ್ಬರೂ ದೀಪಾವಳಿ ಕಾರ್ಯಕ್ರಮದ ಊಟದ ಸಾಲಿನಲ್ಲಿ ಪರಿಚಯವಾದವರೇ. ಒಬ್ಬರು ನನ್ನ ಹೆಂಡತಿಯನ್ನು 'ತಂಗಿ' ಎನ್ನುತ್ತಿದ್ದರು. ನಾವೂ ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆವು.

2025ರ ಮಾರ್ಚ್‌ನಲ್ಲಿ ಬೆರ್ರಿಯೆಸಾದಲ್ಲಿ ಮನೆ ಹುಡುಕಲು ಶುರು ಮಾಡಿದೆವು. ಸ್ಯಾನ್ ಹೋಸೆಯ ಈಶಾನ್ಯ ಮೂಲೆ, ಬೆನ್ನಿಗೆ ಬೆಟ್ಟ, ಪಕ್ಕದಲ್ಲಿ ಮಿಲ್ಪಿಟಾಸ್, 2020ರ ಜೂನ್‌ನಲ್ಲಿ ತೆರೆದ ಬಾರ್ಟ್ ಸ್ಟೇಷನ್ ಬೇರೆ. ಮಗಳಿಗೆ ಶಾಲೆಯ ವಯಸ್ಸಾಗುತ್ತಿತ್ತು. ಊರಲ್ಲಿ ಅಪ್ಪ ಮೈಸೂರಿನ ಸೈಟು ಮಾರಿ ಡೌನ್ ಪೇಮೆಂಟಿಗೆ ಅಂತ ಹಣ ಕಳಿಸಿದ್ದರು.

ಏಜೆಂಟ್ ಯಾರೆಂಬ ಪ್ರಶ್ನೆಯೇ ಬರಲಿಲ್ಲ. ಅಣ್ಣನ ಮನೆಗೆ ಹೋದೆವು, ಉಪ್ಪಿಟ್ಟು ತಿಂದೆವು, ಕಾಫಿ ಕುಡಿದೆವು, ಅವರು ಮುಂದಿಟ್ಟ ಕಾಗದಕ್ಕೆ ಸಹಿ ಹಾಕಿದೆವು. ಎರಡೂವರೆ ಪರ್ಸೆಂಟ್ ಕಮಿಷನ್. ಒಂದೂವರೆ ಮಿಲಿಯನ್ ಡಾಲರ್ ಮನೆಗೆ ಅದು 37,500 ಡಾಲರ್. ಬೆರ್ರಿಯೆಸಾದ ಫ್ಲೀ ಮಾರ್ಕೆಟ್‌ನಲ್ಲಿ ಐದು ಡಾಲರ್ ಕುರ್ಚಿಗೆ ಅರ್ಧ ಗಂಟೆ ಚೌಕಾಸಿ ಮಾಡಿದ್ದ ನಾನು ಈ ಮೊತ್ತದ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಉಪ್ಪಿಟ್ಟು ತಿಂದ ಮನೆಯಲ್ಲಿ ದುಡ್ಡಿನ ಮಾತು ಆಡುವುದು ಹೇಗೆ?

ಆದರೆ ಆ ಕಾಗದ ನಮ್ಮ ಮುಂದೆ ಬರಲು ದೊಡ್ಡ ಕಾರಣವಿತ್ತು. ಬಹಳ ಕಾಲದಿಂದ ಇಲ್ಲಿ ಮಾರುವವರೇ ಎರಡೂ ಕಡೆಯ ಏಜೆಂಟರಿಗೆ ಕಮಿಷನ್ ಕೊಡುತ್ತಿದ್ದರು. ಏಜೆಂಟರು ಮಾರಾಟದ ಮನೆಗಳನ್ನು ಹಂಚಿಕೊಳ್ಳುವ ಎಂ.ಎಲ್.ಎಸ್. ಪಟ್ಟಿಯಲ್ಲೇ ಕೊಳ್ಳುವವರ ಏಜೆಂಟಿಗೆ ಎಷ್ಟು ಎಂದು ಬರೆದಿರುತ್ತಿತ್ತು. 'ಕೊಳ್ಳುವವರಿಗೆ ಏಜೆಂಟ್ ಫ್ರೀ' ಎಂಬ ಮಾತು ಹುಟ್ಟಿದ್ದೇ ಹಾಗೆ. 2023ರ ಅಕ್ಟೋಬರ್ 31ರಂದು ಮಿಸೌರಿಯ ಕ್ಯಾನ್ಸಸ್ ಸಿಟಿಯಲ್ಲಿ ಜ್ಯೂರಿಯೊಂದು, ಈ ಪದ್ಧತಿಯಿಂದ ಕಮಿಷನ್ ದರ ಇಳಿಯದಂತೆ ಒಳಒಪ್ಪಂದ ನಡೆದಿದೆ ಎಂದು ತೀರ್ಮಾನಿಸಿ, ರಿಯಲ್ಟರುಗಳ ರಾಷ್ಟ್ರೀಯ ಸಂಘ ಮತ್ತು ದೊಡ್ಡ ಕಂಪನಿಗಳ ಮೇಲೆ ಸುಮಾರು 1.8 ಬಿಲಿಯನ್ ಡಾಲರ್ ಪರಿಹಾರ ಹೊರಿಸಿತು. 2024ರ ಮಾರ್ಚ್‌ನಲ್ಲಿ ಸಂಘ 418 ಮಿಲಿಯನ್ ಡಾಲರಿಗೆ ರಾಜಿ ಮಾಡಿಕೊಂಡಿತು. ಆಗಸ್ಟ್ 17ರಿಂದ ಆ ದರವನ್ನು ಪಟ್ಟಿಯಲ್ಲಿ ಬರೆಯುವಂತಿಲ್ಲ, ಮನೆ ತೋರಿಸುವ ಮೊದಲೇ ಕೊಳ್ಳುವವರೊಂದಿಗೆ ಲಿಖಿತ ಒಪ್ಪಂದ ಇರಬೇಕು. ಕ್ಯಾಲಿಫೋರ್ನಿಯಾ ಇನ್ನೊಂದು ಹೆಜ್ಜೆ ಮುಂದೆ ಹೋಗಿ, 2025ರ ಜನವರಿಯಿಂದ ಇಂಥ ಒಪ್ಪಂದ ಮೂರು ತಿಂಗಳಿಗಿಂತ ಹೆಚ್ಚಿರಬಾರದು ಎಂದಿತು. ಇಷ್ಟು ಕೋರ್ಟು ಕಚೇರಿ ನಡೆದದ್ದು ನನ್ನಂಥವನು 'ಎಷ್ಟು? ಯಾಕೆ?' ಎಂದು ಬಾಯಿಬಿಟ್ಟು ಕೇಳಲಿ ಅಂತ. ನಾನೋ, ಕಾಫಿ ಲೋಟ ಕೆಳಗಿಟ್ಟು ಪೆನ್ನು ಕೇಳಿದೆ!

ಏಪ್ರಿಲ್‌ನಲ್ಲಿ ಒಂದು ಮನೆ ಸಿಕ್ಕಿತು. ಸಿಯೆರಾ ರೋಡ್ ಬೆಟ್ಟ ಹತ್ತಲು ಶುರುವಾಗುವ ಕಡೆ, ಹಿತ್ತಿಲಲ್ಲಿ ನಿಂಬೆ ಗಿಡ. ಹೆಂಡತಿ ಆಗಲೇ ತುಳಸಿ ಕುಂಡದ ಜಾಗ ನೋಡಿಟ್ಟಿದ್ದಳು. ಮಂಗಳವಾರ ಮಧ್ಯಾಹ್ನದೊಳಗೆ ಆಫರ್ ಕೊಡಬೇಕು. ಸೋಮವಾರ ರಾತ್ರಿ ಅಣ್ಣನ ಫೋನು: "ಹನ್ನೊಂದು ಆಫರ್ ಇವೆಯಂತೆ. ಕಂಟಿಂಜೆನ್ಸಿ ಎಲ್ಲ ತೆಗೆದುಬಿಡಿ, ಒಂದು ಲಕ್ಷ ಮೇಲೆ ಹಾಕಿ. ಇಲ್ಲದಿದ್ರೆ ಕೈತಪ್ಪುತ್ತೆ."

ಕಂಟಿಂಜೆನ್ಸಿ ಎಂದರೆ ತಪಾಸಣೆಯಲ್ಲೋ ಸಾಲದಲ್ಲೋ ತೊಡಕಾದರೆ ಮುಂಗಡ ಕಳೆದುಕೊಳ್ಳದೆ ಹಿಂದೆ ಸರಿಯುವ ಹಕ್ಕು. ನಮ್ಮ ಮುಂಗಡ ಮೂರು ಪರ್ಸೆಂಟ್, ಹತ್ತಿರ ಹತ್ತಿರ 45 ಸಾವಿರ ಡಾಲರ್. ಅಪ್ಪನ ಸೈಟಿನ ದುಡ್ಡು.

ನಿದ್ದೆ ಬರಲಿಲ್ಲ. ಮಾರುವವರು ಕೊಟ್ಟಿದ್ದ ಡಿಸ್‌ಕ್ಲೋಷರ್ ಕಾಗದಗಳನ್ನು ಕೋಡ್ ರಿವ್ಯೂ ಮಾಡುವವನ ಹಾಗೆ ಮೊದಲ ಪುಟದಿಂದ ಓದತೊಡಗಿದೆ. ನೈಸರ್ಗಿಕ ಅಪಾಯಗಳ ವರದಿಯಲ್ಲಿ ಭೂಕುಸಿತದ ವಲಯದ ಮುಂದೆ 'ಹೌದು' ಎಂದಿತ್ತು. ತಪಾಸಣೆ ವರದಿಯಲ್ಲಿ ಗ್ಯಾರೇಜಿನ ನೆಲದ ಬಿರುಕು, ಸರಿಯಾಗಿ ಮುಚ್ಚದ ಎರಡು ಬಾಗಿಲು, ಕೊನೆಗೆ 'ಸ್ಟ್ರಕ್ಚರಲ್ ಇಂಜಿನಿಯರ್ ಒಬ್ಬರಿಂದ ಪರೀಕ್ಷೆ ಮಾಡಿಸಿ' ಎಂಬ ಒಂದು ಸಾಲು. ಬೆಳಿಗ್ಗೆ ಏಳಕ್ಕೆ ಅಣ್ಣನಿಗೆ ಫೋನ್ ಮಾಡಿದೆ. "ಆ ಕಡೆ ಎಲ್ಲಾ ಮನೆಗೂ ಹಾಗೇ ಇರುತ್ತೆ" ಅಂದರು. ಯಾವ ಪುಟ ಎಂದು ಕೇಳಿದರು. ವರದಿಯನ್ನು ಅವರು ತೆರೆದೇ ಇರಲಿಲ್ಲ.

ಅಪ್ಪನಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. "ನೀನು ಈ ಮನೆ ಬೇಡ ಅಂದ್ರೆ ಅವರಿಗೆ ಎಷ್ಟು ಸಿಗುತ್ತೆ?"

"ಏನೂ ಸಿಗಲ್ಲ ಅಪ್ಪ."

"ಹಾಗಾದ್ರೆ ಅವರ ಮಾತು ಅರ್ಧ ನಂಬು. ನಮ್ಮ ಬ್ರೋಕರು ಎರಡೂ ಕಡೆ ಕಮಿಷನ್ ತಗೊಂಡ. ತಗೋತಾನೆ ಅಂತ ನಂಗೆ ಮೊದಲೇ ಗೊತ್ತಿತ್ತು, ಅದಕ್ಕೇ ಮಿಕ್ಕಿದ್ದನ್ನ ನಾನೇ ಓಡಾಡಿ ನೋಡ್ದೆ."

ಇಂಜಿನಿಯರಿಂಗ್ ಓದಿದ ನನಗೆ ಹೊಳೆಯದಿದ್ದ ಲೆಕ್ಕ ಇದು. ನಾವು ಒಂದು ಲಕ್ಷ ಹೆಚ್ಚು ಕೊಟ್ಟರೆ ಏಜೆಂಟಿಗೆ ಹೆಚ್ಚು ಬರುವುದು ಬರೀ 2,500 ಡಾಲರ್. ಅವರ ಆಸೆ ಅದರ ಮೇಲಲ್ಲ. ವ್ಯವಹಾರ ಇವತ್ತು ಮುಗಿದರೆ ಪೂರ್ತಿ ಕಮಿಷನ್, ಮುಗಿಯದಿದ್ದರೆ ಸೊನ್ನೆ. ಮಾರುವವರ ಏಜೆಂಟಿಗೂ ಇದೇ ಲೆಕ್ಕ. 2005ರ 'ಫ್ರೀಕನಾಮಿಕ್ಸ್' ಪುಸ್ತಕದಲ್ಲಿ ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ ಶಿಕಾಗೋ ಸುತ್ತಿನ ಸುಮಾರು ಒಂದು ಲಕ್ಷ ಮನೆಗಳ ಮಾರಾಟ ಹಿಡಿದು ತೋರಿಸಿದ್ದಾರೆ: ಏಜೆಂಟರು ತಮ್ಮ ಸ್ವಂತ ಮನೆ ಮಾರುವಾಗ ಸರಾಸರಿ ಹತ್ತು ದಿನ ಹೆಚ್ಚು ಕಾಯುತ್ತಾರೆ, ಮೂರು ಪರ್ಸೆಂಟಿಗಿಂತ ಹೆಚ್ಚು ಬೆಲೆ ಪಡೆಯುತ್ತಾರೆ. ಇದಕ್ಕೆ ಕೆಟ್ಟವರೇ ಆಗಬೇಕಿಲ್ಲ. ತಿಂಗಳುಗಟ್ಟಲೆ ವೀಕೆಂಡ್ ಬಿಟ್ಟು ಓಡಾಡಿ, ಕೊನೆಗೆ ಪಾರ್ಟಿ ಕೈಬಿಟ್ಟರೆ ಪೆಟ್ರೋಲಿನ ಕಾಸೂ ಹುಟ್ಟದ ಕಸುಬು ಅದು. ಮನೆ ಕಡಿಮೆ, ಏಜೆಂಟರು ಜಾಸ್ತಿ ಇದ್ದಲ್ಲಿ 'ಬೇಡ' ಎನ್ನುವ ಸಲಹೆ ತುಂಬಾ ದುಬಾರಿ.

ಆದರೂ ಅದನ್ನು ಹೇಳುವುದೇ ಅವರ ಕೆಲಸ. ನಮ್ಮ ಬೇ ಏರಿಯಾದ್ದೇ ಒಂದು ಹಳೆಯ ಮೊಕದ್ದಮೆ ಇದೆ. ಕಾಂಟ್ರಾ ಕೋಸ್ಟಾ ಕೌಂಟಿಯ ಡಯಾಬ್ಲೋದಲ್ಲಿ 1976ರಲ್ಲಿ ಒಬ್ಬರು 1,70,000 ಡಾಲರಿಗೆ ಮನೆ ಕೊಂಡರು. ಸರಿಯಾಗಿ ಗಟ್ಟಿಮಾಡದ ಭರ್ತಿ ಮಣ್ಣಿನ ಮೇಲೆ ಕಟ್ಟಿದ್ದು. ಸ್ವಲ್ಪ ದಿನಕ್ಕೇ ಜಾಗ ಜಾರಿತು. ಏಜೆಂಟರು ನೆಲ ಸಮವಿಲ್ಲದ್ದನ್ನೂ ಇಳಿಜಾರಿಗೆ ಹೊದಿಸಿದ್ದ ಬಲೆಯನ್ನೂ ಕಂಡಿದ್ದರು, ಆದರೆ ಕೊಳ್ಳುವವರಿಗೆ ಹೇಳಲಿಲ್ಲ, ಮಣ್ಣು ಪರೀಕ್ಷೆ ಮಾಡಿಸಲಿಲ್ಲ. 'ನಮಗೆ ಗೊತ್ತಿರಲಿಲ್ಲ' ಎಂದರೆ ಸಾಲದು, ಕಣ್ಣಿಗೆ ಕಾಣುವುದನ್ನು ನೋಡಿ ಹೇಳುವುದು ಕರ್ತವ್ಯ ಎಂದು 1984ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು. ಅದರ ಬೆನ್ನಿಗೇ ಕ್ಯಾಲಿಫೋರ್ನಿಯಾದಲ್ಲಿ ಅದು ಕಾನೂನೂ ಆಯಿತು. ಗ್ಯಾರೇಜಿನ ಬಿರುಕಿನ ಸಾಲನ್ನು ಓದುವಾಗ ನನಗೆ ಇದೆಲ್ಲ ಗೊತ್ತಿರಲಿಲ್ಲ. ಆಮೇಲೆ ತಿಳಿದಾಗ ಮೈ ಜುಮ್ಮೆಂದಿತು.

ನಾವು ಆಫರ್ ಹಾಕಲಿಲ್ಲ. ಅಣ್ಣ ಬೈಯಲಿಲ್ಲ, "ಸರಿ ಬಿಡಿ" ಅಂದರು. ಅದೇ ವಾರ ಇನ್ನೊಂದು ಕ್ಯಾಲೆಂಡರಿನವರ ಫೋನ್ ಬಂತು. ಸುದ್ದಿ ಹೇಗೆ ಮುಟ್ಟಿತೋ! "ಅವನ ಹತ್ತಿರ ಯಾಕೆ ಹೋದ್ರಿ ಸಾರ್? ಅವನ ವ್ಯವಹಾರವೇ ಸರಿ ಇಲ್ಲ. ನನ್ನ ಜೊತೆ ಬನ್ನಿ, ಅರ್ಧ ಪರ್ಸೆಂಟ್ ವಾಪಸ್ ಕೊಡ್ತೀನಿ." ಅರ್ಧ ಪರ್ಸೆಂಟ್ ವಾಪಸ್ ಕೊಡುವುದು ಇಲ್ಲಿ ತಪ್ಪಲ್ಲ. ಆದರೆ ಇಬ್ಬರ ಕಾರ್ಡಿನಲ್ಲೂ 'ರಿಯಲ್ಟರ್' ಎಂದು ಅಚ್ಚಾಗಿತ್ತು. ಆ ಹೆಸರು ಸಂಘದ ಸದಸ್ಯರಿಗೆ ಮಾತ್ರ, ಅವರಿಗೆ 1913ರಿಂದಲೂ ಒಂದು ನೀತಿ ಸಂಹಿತೆ ಇದೆ. ಬೇರೆ ಏಜೆಂಟರ ಬಗ್ಗೆ ಗೊತ್ತಿದ್ದೂ ಸುಳ್ಳು ಹೇಳಬೇಡಿ ಎನ್ನುತ್ತದೆ 15ನೇ ನಿಯಮ. ಇನ್ನೊಬ್ಬರ ಒಪ್ಪಂದದಲ್ಲಿರುವ ಗಿರಾಕಿಗೆ ಕೈ ಹಾಕಬೇಡಿ ಎನ್ನುತ್ತದೆ 16ನೆಯದು. ಒಂದೇ ಫೋನ್ ಕಾಲಿನಲ್ಲಿ ಎರಡರ ಅಂಚಿಗೂ ಹೋಗಿಬಂದರು ಪುಣ್ಯಾತ್ಮರು!

ಮೂರು ತಿಂಗಳು ಮುಗಿಯುವವರೆಗೆ ಕಾದು, ಈ ಸಲ ಮೂವರನ್ನು ಭೇಟಿ ಮಾಡಿದೆವು. ಅವರಲ್ಲೊಬ್ಬರು ವಿಯೆಟ್ನಾಂ ಮೂಲದ ಹೆಂಗಸು. ನಾವು ಕೇಳುವ ಮೊದಲೇ ಕಮಿಷನ್ ಸಾಲಿನ ಮೇಲೆ ಬೆರಳಿಟ್ಟು "ಇದನ್ನು ಚರ್ಚೆ ಮಾಡಬಹುದು" ಎಂದರು. ನಾವು ಇಷ್ಟಪಟ್ಟ ಮನೆಯೊಂದನ್ನು ಅವರೇ ಮಾರುತ್ತಿದ್ದರು. ಎರಡೂ ಕಡೆಯವರು ಬರೆದು ಒಪ್ಪಿದರೆ ಒಬ್ಬರೇ ಏಜೆಂಟ್ ಇರಲು ಇಲ್ಲಿ ಕಾನೂನಿನ ಅಡ್ಡಿಯಿಲ್ಲ. ಆದರೂ "ಆ ಮನೆಗೆ ನಾನು ನಿಮ್ಮ ಕಡೆ ನಿಲ್ಲಲಾರೆ, ಬೇರೆಯವರನ್ನು ಕರೆತನ್ನಿ" ಎಂದರು. ಎರಡು ಕಮಿಷನ್ನಿನ ಆಸೆ ಬಿಟ್ಟ ಆ ಮಾತಿಗೇ ನಾವು ಅವರನ್ನು ಆರಿಸಿಕೊಂಡದ್ದು. ಆಮೇಲೆ ಎರಡು ಮನೆಗಳಿಗೆ 'ಇದು ಬೇಡ' ಅಂದರು. ಈಗ ಬಾರ್ಟ್ ಸ್ಟೇಷನ್ ಹತ್ತಿರದ ಟೌನ್‌ಹೌಸಿನಲ್ಲಿದ್ದೇವೆ. ನಿಂಬೆ ಗಿಡವಿಲ್ಲ, ಬಾಗಿಲುಗಳು ಮುಚ್ಚುತ್ತವೆ.

ನಮ್ಮವರು ಬೇಡ ಅಂತ ಹೇಳುತ್ತಿಲ್ಲ. ನಮ್ಮವರಲ್ಲೂ ಇಂಥ ನೇರ ಮನುಷ್ಯರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳುವುದಿಷ್ಟೇ. ನಿಮಗೆ ಎಷ್ಟು ಸಿಗುತ್ತೆ, ಯಾರು ಕೊಡುತ್ತಾರೆ, ಈ ಮನೆ ಮಾರುವವರಿಗೂ ನೀವೇ ಏಜೆಂಟಾ, ಈ ಕಾಗದಗಳನ್ನು ನೀವು ಓದಿದ್ದೀರಾ ಎಂಬ ನಾಲ್ಕು ಪ್ರಶ್ನೆಗಳನ್ನು ಕಾಫಿಗೆ ಮುಂಚೆ ಕೇಳಿ. ರಾಜ್ಯದ ರಿಯಲ್ ಎಸ್ಟೇಟ್ ಇಲಾಖೆಯ ವೆಬ್‌ಸೈಟಿನಲ್ಲಿ ಅವರ ಲೈಸೆನ್ಸನ್ನೂ ಒಮ್ಮೆ ನೋಡಿ. ಒಳ್ಳೆಯವರು ಬೇಜಾರು ಮಾಡಿಕೊಳ್ಳುವುದಿಲ್ಲ.

ನಾನು ಮೊದಲೇ ಕೇಳಿದ್ದರೆ ಅಣ್ಣನೂ ಆ ವರದಿಯನ್ನು ತೆರೆದು ಓದುತ್ತಿದ್ದರೇನೋ. ಕೇಳದೆ ಸಹಿ ಹಾಕಿದ ತಪ್ಪು ನನ್ನದೂ ಹೌದು. ಈಗ ಕೂಟದ ಕಾರ್ಯಕ್ರಮಗಳಲ್ಲಿ ಎದುರಾದರೆ ಅವರು ದೂರದಿಂದಲೇ ಕೈ ಎತ್ತುತ್ತಾರೆ. 'ತಂಗಿ' ಎಂಬ ಮಾತು ನಿಂತುಹೋಗಿದೆ. ಮನೆ ಉಳಿಸಿಕೊಂಡೆವು, ಒಂದು ಮನೆಯ ಉಪ್ಪಿಟ್ಟು ಕಳೆದುಕೊಂಡೆವು. ಮುಂದಿನ ದೀಪಾವಳಿಗೆ ನಾನೇ ಹೋಗಿ ಮಾತಾಡಿಸಬೇಕು ಅಂತಿದ್ದೇನೆ. ನೀವೇನಂತೀರಿ?