ಸಪೂರ ಹೋಸಿನ ತಾಕತ್ತು

ಮಣ್ಣು ಅಗೆಯುತ್ತಿರುವ ಜೆಸಿಬಿಯ ತೋಳನ್ನೊಮ್ಮೆ ಗಮನಿಸಿ. ಬಕೆಟ್ ಎತ್ತಿಳಿಸುವ ಸಿಲಿಂಡರಿಗೆ ಹೋಗುವ ಕಪ್ಪು ಹೋಸುಗಳು ಹೆಬ್ಬೆರಳಿಗಿಂತ ತುಸು ದಪ್ಪ, ಅಷ್ಟೇ. ಟ್ಯಾಂಕಿನಿಂದ ಪಂಪಿಗೆ ಎಣ್ಣೆ ತರುವ ಹೋಸು ಅದಕ್ಕಿಂತ ದಪ್ಪ. ಆದರೆ ನೂರಾರು ಬಾರ್ ಒತ್ತಡ ತಡೆಯುವುದು ಸಪೂರದ್ದೇ. ದಪ್ಪ ಪೈಪು ಗಟ್ಟಿ ಎಂಬ ನಂಬಿಕೆ ಇಲ್ಲಿ ತಲೆಕೆಳಗಾಗುತ್ತದೆ.

ಲೆಕ್ಕ ಸರಳವಾಗಿದೆ. ಒಂದು ಸೆಂ.ಮೀ. ಒಳವ್ಯಾಸದ ಹೋಸಿನಲ್ಲಿ 100 ಬಾರ್ ಒತ್ತಡವಿದೆ ಎನ್ನೋಣ. ಅಂದರೆ ಪ್ರತಿ ಚದರ ಸೆಂ.ಮೀ.ಗೆ ಸುಮಾರು 100 ಕೆಜಿ. ಪ್ರತಿ ಸೆಂ.ಮೀ. ಉದ್ದದಲ್ಲೂ ಹೋಸನ್ನು ಎರಡು ಹೋಳಾಗಿ ಸೀಳಲು ಎಣ್ಣೆ 100 ಕೆಜಿ ಬಲ ಹಾಕುತ್ತದೆ. ಒಳವ್ಯಾಸ ಐದು ಸೆಂ.ಮೀ. ಆದರೆ ಆ ಬಲ 500 ಕೆಜಿ. ಹಿಡಿದಿಡಲು ಇರುವುದು ಮಾತ್ರ ಅವೇ ಎರಡು ಬದಿಯ ಗೋಡೆಗಳು. ಗೋಡೆ ಅಷ್ಟೇ ದಪ್ಪವಿದ್ದರೆ ಅದರ ಮೇಲಿನ ಎಳೆತ ಐದು ಪಟ್ಟಾಗುತ್ತದೆ.

ಎರಡು ಪದರ ಉಕ್ಕಿನ ತಂತಿ ಹೆಣೆದ ಹೋಸುಗಳಿಗೆ ಯುರೋಪಿನ ಮಾನದಂಡ ಹಾಕಿರುವ ಮಿತಿ ನೋಡಿ: ಕಾಲಿಂಚಿನದಕ್ಕೆ 400 ಬಾರ್, ಅರ್ಧ ಇಂಚಿಗೆ 275, ಒಂದಿಂಚಿಗೆ 165, ಎರಡಿಂಚಿಗೆ ಬರೀ 80. ವ್ಯಾಸ ಎಂಟು ಪಟ್ಟಾದರೂ ಮಿತಿ ಎಂಟನೇ ಒಂದಕ್ಕೆ ಇಳಿಯದೆ ಐದನೇ ಒಂದಕ್ಕೆ ನಿಂತಿದೆ. ಏಕೆಂದರೆ ದೊಡ್ಡ ಹೋಸಿಗೆ ತಂತಿಯ ಬಲವನ್ನೂ ಹೆಚ್ಚಿಸಿರುತ್ತಾರೆ. ಸಿಡಿಯುವ ಒತ್ತಡ ಈ ಮಿತಿಯ ನಾಲ್ಕು ಪಟ್ಟಾದರೂ ಇರಬೇಕು.

ನನಗೆ ಬಹಳ ಹಿಡಿಸುವುದು ಆ ಹೆಣಿಗೆಯ ಓರೆ. ಒತ್ತಡ ಹೋಸನ್ನು ಸುತ್ತಲೂ ಹಿಗ್ಗಿಸುವಷ್ಟು ಉದ್ದಕ್ಕೆ ಎಳೆಯುವುದಿಲ್ಲ. ಸುತ್ತಿನ ಎಳೆತ ಉದ್ದದ ಎಳೆತಕ್ಕಿಂತ ಸರಿಯಾಗಿ ಎರಡು ಪಟ್ಟು. ಬರೀ ರಬ್ಬರಿನ ಹೋಸು ಸಾಮಾನ್ಯವಾಗಿ ಉದ್ದುದ್ದ ಸೀಳುವುದು ಇದರಿಂದಲೇ. ತಂತಿಯನ್ನು ಹೋಸಿನ ಉದ್ದಕ್ಕೆ ಸುಮಾರು 54.7 ಡಿಗ್ರಿ ಓರೆಯಾಗಿ ಹೆಣೆದರೆ ಎರಡೂ ಎಳೆತಗಳನ್ನು ಅದು ಬೇಕಾದ ಪ್ರಮಾಣದಲ್ಲೇ ಹೊರುತ್ತದೆ. ಕೋನ ತಪ್ಪಿದರೆ ಒತ್ತಡ ಏರಿದಾಗ ಹೋಸು ಕುಗ್ಗುತ್ತದೆ, ಇಲ್ಲವೇ ಉದ್ದವಾಗುತ್ತದೆ. ತುದಿಯ ಫಿಟ್ಟಿಂಗಿಗೆ ಪೆಟ್ಟು.

ಹೆಚ್ಚು ಎಣ್ಣೆ ಹರಿಯಬೇಕು, ಒತ್ತಡವೂ ಇಳಿಯಬಾರದು ಎಂದಾದರೆ ತಂತಿಯ ಪದರ ಹೆಚ್ಚಿಸುವುದು ಸಾಮಾನ್ಯ ದಾರಿ. ನಾಲ್ಕು ಪದರ ದಪ್ಪ ತಂತಿ ಸುತ್ತಿದ ಒಂದಿಂಚಿನ ಹೋಸು 380 ಬಾರ್‌ವರೆಗೂ ತಾಳಬಲ್ಲದು. ಆದರೆ ಅದು ಭಾರ, ಬಿರುಸು. ಬಾಗಿಸಲು ದೊಡ್ಡ ತಿರುವೇ ಬೇಕು. ಹೋಸು ಬದಲಿಸುವಾಗ ಅಳತೆಯ ಜೊತೆಗೆ ಮೈಮೇಲೆ ಅಚ್ಚಾಗಿರುವ ಬಾರ್ ಅಂಕಿಯನ್ನೂ ಓದಲೇಬೇಕು.